ಮುಷ್ಟಿಯವರ ಪಟ್ಟಿ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುವ ಗಾದೆ ನಮ್ಮ ಶಾಲೆಗೆ ಹೇಳಿ ಮಾಡಿಸಿದ್ದು. ಜೆ.ಪಿ. ನಗರದ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಮೇಡಂ. ಇಲಾಖೆಯ ಸಾಹೇಬರು ತಪಾಸಣೆಗೆ ಬರುವ ದಿನಕ್ಕೆಂದೇ ನಮ್ಮಲ್ಲೊಂದು ಪದ್ಧತಿ ಇದೆ. ಪ್ರಶ್ನೆ ಕೇಳಿದ ಕೂಡಲೇ ಇಡೀ ತರಗತಿ ಕೈ ಎತ್ತಬೇಕು. ಉತ್ತರ ಬರುವವರು ಅಂಗೈ ಬಿಚ್ಚಿ, ಬಾರದವರು ಮುಷ್ಟಿ ಕಟ್ಟಿ. ಸಾಹೇಬರಿಗೆ ಎಲ್ಲರ ಕೈಯೂ ಕಾಣುತ್ತದೆ, ನಾವು ಎಬ್ಬಿಸುವುದು ಅಂಗೈಯವರನ್ನು ಮಾತ್ರ.

ಯಾರು ಅಂಗೈ, ಯಾರು ಮುಷ್ಟಿ ಎಂದು ಅರ್ಧವಾರ್ಷಿಕ ಪರೀಕ್ಷೆಯಾದ ಮೇಲೆ ನಾನೇ ಪಟ್ಟಿ ಮಾಡುತ್ತಿದ್ದೆ. ಅಂಗೈಯವರಿಗೆ ಸಂಜೆ ವಿಶೇಷ ತರಗತಿ. ಮುಷ್ಟಿಯವರಿಗೆ ಹಿಂದಿನ ಬೆಂಚು.

ಆ ವರ್ಷ ಹತ್ತನೇ ತರಗತಿಯ ಮುಷ್ಟಿ ಪಟ್ಟಿಯಲ್ಲಿ ಯಾದಗಿರಿ ಕಡೆಯ ಹುಡುಗಿಯೊಬ್ಬಳಿದ್ದಳು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬಂದು ಪುಟ್ಟೇನಹಳ್ಳಿಯಲ್ಲಿ ಶೀಟಿನ ಮನೆ ಹಿಡಿದಿದ್ದರು. ಊರು ಬಿಟ್ಟು ಬರುವ ಗಲಾಟೆಯಲ್ಲಿ ಅವಳಿಗೆ ಮೂರು ತಿಂಗಳ ಪಾಠ ತಪ್ಪಿತ್ತು. ಫೇಲಾದರೆ ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುತ್ತೇನೆ ಎಂದು ಅಪ್ಪ ಹೇಳಿದ್ದನಂತೆ. ತಪಾಸಣೆಗೆ ವಾರವಿರುವಾಗ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು.

"ಮೇಡಂ, ಸೂತ್ರ ಎಲ್ಲಾ ಬಾಯಿಪಾಠ ಮಾಡಿದ್ರ ನಾನೂ ಅಂಗೈ ಎತ್ತಬಹುದೇನ್ರೀ? ಸಂಜೀ ಕ್ಲಾಸಿಗೆ ತಗೋತೀರೇನ್ರೀ?"

"ಮೊದ್ಲು ಕಲಿ, ಆಮೇಲೆ ನೋಡೋಣ," ಅಂದೆ. ಮಕ್ಕಳನ್ನು ಸಾಗಹಾಕಲು ನಾನು ಆಡುವ ಮಾತದು. ಅವಳು ನಂಬಿದಳು.

ಸಾಹೇಬರು ಬಂದರು. ಶಂಕುವಿನ ಘನಫಲದ ಸೂತ್ರ ಕೇಳಿದರು. ಹಿಂದಿನ ಬೆಂಚಿನ ಮುಷ್ಟಿಗಳ ನಡುವೆ ಒಂದು ಅಂಗೈ ಐದೂ ಬೆರಳು ಬಿಚ್ಚಿಕೊಂಡು ಎದ್ದಿತು. ಸಾಹೇಬರು ಅವಳನ್ನೇ ತೋರಿಸಿದರು. ನಾನು ನಡುವೆ ಬಾಯಿ ಹಾಕಿದೆ.

"ಸಾರ್, ಅವ್ಳು ಹೊಸಬ್ಳು, ಏನೂ ಬರಲ್ಲ. ಈ ಹುಡುಗನ್ನ ಕೇಳಿ ಸಾರ್."

ಎಲ್ಲರ ಎದುರಿಗೇ ಅಂದೆ. ಮುಂದಿನ ಬೆಂಚಿನ ಹುಡುಗ ಎದ್ದು ಗಟ್ಟಿಯಾಗಿ ಸೂತ್ರ ಒದರಿದ, ಮೂರನೇ ಒಂದು ಅನ್ನುವುದನ್ನೇ ನುಂಗಿಬಿಟ್ಟ. ಸಾಹೇಬರು "ವೆರಿ ಗುಡ್" ಅಂದು ಎಳನೀರು ಕುಡಿಯಲು ಹೋದರು.

ಅವಳ ಕೈ ಇನ್ನೂ ಇಳಿದಿರಲಿಲ್ಲ.

"ಮೂರನೇ ಒಂದು ಬಿಟ್ಟಾನ್ರೀ ಅವ. ನನಗ ಬರ್ತಿತ್ರೀ ಮೇಡಂ."

ಅವಳು ಹೇಳಿದ್ದು ಸರಿ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

"ನಿನ್ನನ್ ಯಾರಮ್ಮ ಕೇಳಿದ್ದು? ಪಟ್ಟೀಲಿ ಮುಷ್ಟಿ ಅಂತಿದ್ಮೇಲೆ ಮುಷ್ಟಿ. ಇನ್ನೊಂದ್ಸಲ ಬೆರಳು ಬಿಚ್ಚಿದ್ರೆ ಆಚೆ ನಿಲ್ಲಿಸ್ತೀನಿ!"

ಹುಡುಗರು ನಕ್ಕರು. ನಗಲಿ ಅಂತ ಬಿಟ್ಟೆ.

ತಿಂಗಳಾದ ಮೇಲೆ ಪುನರಾವರ್ತನೆ ಮಾಡಿಸುವಾಗ ಅದೇ ಸೂತ್ರ ಕೇಳಿದೆ. ಸಾಹೇಬರಿರಲಿಲ್ಲ, ಯಾರೂ ಕೈ ಎತ್ತುವ ಗೋಜಿಗೆ ಹೋಗಲಿಲ್ಲ. ಹಿಂದಿನ ಬೆಂಚಿನಿಂದ ಒಂದೇ ಒಂದು ಕೈ ಎದ್ದಿತು. ಮುಷ್ಟಿ ಕಟ್ಟಿತ್ತು.

"ಗೊತ್ತಿಲ್ವೇನೇ?"

"ಗೊತ್ತದ್ರೀ."

"ಮತ್ತೆ ಮುಷ್ಟಿ ಯಾಕೆ?"

"ಪಟ್ಟಿ ಬದಲಾಗಿಲ್ಲಲ್ರೀ ಮೇಡಂ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ನನಗೆ ನಾಚಿಕೆಯಾಯಿತು, ಆದರೆ ನಾಚಿಕೆಗಿಂತ ಹಟ ದೊಡ್ಡದಾಗಿತ್ತು. ಪಟ್ಟಿ ಮೇಜಿನ ಮೇಲೇ ಇತ್ತು, ಪೆನ್ನು ಕೈಯಲ್ಲೇ ಇತ್ತು. "ಕೂತ್ಕೋ," ಅಂದು ಸೂತ್ರವನ್ನು ನಾನೇ ಬೋರ್ಡಿನ ಮೇಲೆ ಬರೆದೆ.

ಅವಳು ಗಣಿತವೊಂದರಲ್ಲೇ ಫೇಲಾದಳು. ಫಲಿತಾಂಶ ಬಂದ ದಿನ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಾ ನಾನು, "ನನ್ ಪಟ್ಟಿ ಯಾವತ್ತಾದ್ರೂ ತಪ್ಪಿದ್ದುಂಟಾ?" ಅಂದೆ.