ಗೌರವ್ವನ ಅರ್ಧ ಹೊಟ್ಟೆ

೧೯೬೨ರ ಜನವರಿ. ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಕಲ್ಲೋಳಿಯ ಗೌರವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹುಕ್ಕೇರಿಯಿಂದ ಬಂದ ಅಕ್ಕ ಕಾಶೆವ್ವ ಬಾಗಿಲಲ್ಲೇ ನಿಂತುಬಿಟ್ಟಳು.

“ಯವ್ವಾ, ಅರ್ಧಾ ಆಗೀಯಲ್ಲ! ಉಳಿದ ಗೌರೀನ ಎಲ್ಲಿ ಇಟ್ಟು ಬಂದಿ?”

“ಮಿರಜದಾಗ ಬಿಟ್ಟು ಬಂದೀನಿ. ಒಳಗ ಬಾರಕ್ಕಾ.”

ಹಿಂದಿನ ವರ್ಷ ಗೌರವ್ವ ಇನ್ನೂರೈವತ್ತು ಪೌಂಡು ತೂಗುತ್ತಿದ್ದಳು. ಬಾವಿಗೆ ಹೋಗಿ ಬರುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಅದರ ಮೇಲೆ ಹೊಟ್ಟೆಯಲ್ಲಿ ಹುಣ್ಣು. ಮಿರಜದ ಆಸ್ಪತ್ರೆಯಲ್ಲಿ ಹುಣ್ಣಿಗಾಗಿ ಜಠರದ ಬಹುಭಾಗವನ್ನು ತೆಗೆದರು. ಇಷ್ಟು ಭಾರದ ಮೈಯಲ್ಲಿ ಗಾಯ ಮಾಯುವುದು ಕಷ್ಟ ಎಂದು ಮೊದಲೇ ಹೇಳಿದ್ದರು, ಮಾಯಿತು. ಊಟ ತಾನಾಗಿ ಕಡಿಮೆಯಾಯಿತು, ಮೈ ಇಳಿಯಿತು, ಮೊಣಕಾಲ ನೋವು ಹೋಯಿತು. ಆದರೆ ಮನೆಗೆ ಬಂದ ಮೇಲೆ ಹೊಸದೊಂದು ಕಾಟ ಶುರುವಾಗಿತ್ತು.

ಅಂದೂ ಅದೇ ಆಯಿತು. ಬಂದವರಿಗೆ ಬೆಲ್ಲ-ನೀರು ಕೊಟ್ಟು, ತಾನೂ ಒಂದು ಹೆಂಟೆ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದು ಆ ಮನೆಯ ರೂಢಿ. ಅಕ್ಕ-ತಂಗಿ ಮಾತಾಡುತ್ತಿದ್ದಂತೆಯೇ ಗೌರವ್ವನ ಮುಖ ಬೆವರಿತು, ಎದೆ ಡವಡವ ಹೊಡೆದುಕೊಂಡಿತು, ಕಣ್ಣಿಗೆ ಕತ್ತಲೆ ಬಂತು. ಗಂಡ ಅಣ್ಣಪ್ಪ ಓಡಿಬಂದು ತಂಬಿಗೆಯಲ್ಲಿ ಬೆಲ್ಲ ಕದಡಿ ಕುಡಿಸಿದ. ನಿತ್ರಾಣಕ್ಕೆ ಅವನಿಗೆ ಗೊತ್ತಿದ್ದ ಮದ್ದು ಅದೊಂದೇ. ಬೆವರು ಇನ್ನೂ ಹೆಚ್ಚಾಯಿತು.

“ಮಂದಿ ನೋಡಾಕ ಬಂದಾಗೆಲ್ಲ ಹಿಂಗ ಆಗತೈತ್ರಿ,” ಎಂದ ಅಣ್ಣಪ್ಪ.

“ಹಂಗಾರ ದೃಷ್ಟಿನ ಆತು. ಉಪ್ಪು ಇಳಿಸ್ರಿ,” ಎಂದಳು ಕಾಶೆವ್ವ.

ಉಪ್ಪು ಇಳಿಸಿದರು. ಆದರೂ ಅಣ್ಣಪ್ಪನಿಗೆ ಧೈರ್ಯ ಬರಲಿಲ್ಲ. ಕೊಯ್ದ ಹೊಟ್ಟೆ ಒಳಗೊಳಗೇ ಬಿಚ್ಚಿಕೊಳ್ಳುತ್ತಿದೆ, ಹೆಂಡತಿ ಉಳಿಯುವುದಿಲ್ಲ ಎಂದು ಅವನ ಅಂಜಿಕೆ. ಮರುದಿನ ಅವಳನ್ನು ಬಸ್ಸಿನಲ್ಲಿ ಗೋಕಾಕಿನ ಡಾಕ್ಟರರ ಹತ್ತಿರ ಕರೆದೊಯ್ದ.

“ಸಿಹಿ ತಿಂತೀರೇನ್ರಿ ಬಾಯಾರ?” ಡಾಕ್ಟರರು ಕೇಳಿದರು.

“ಇಲ್ರಿ. ಮಿರಜದಾಗ ಬ್ಯಾಡ ಅಂದಾರ. ಹೋಳಗಿ ಮುಟ್ಟಿಲ್ರಿ.”

ಬಸ್ಸಿನ ದಣಿವಿಗೆ ಅವಳ ಮುಖ ಬಾಡಿತ್ತು. ಅಣ್ಣಪ್ಪ ಗಾಬರಿಯಿಂದ ವಸ್ತ್ರದ ಗಂಟು ಬಿಚ್ಚಿ ಏನನ್ನೋ ಅವಳ ಬಾಯಿಗೆ ಒಯ್ದ. ಡಾಕ್ಟರರು ಅವನ ಕೈ ಹಿಡಿದರು.

“ಏನಿದು?”

“ಬೆಲ್ಲರಿ.”

“ಸಿಹಿ ಇಲ್ಲ ಅಂದ್ರಿ?”

“ಸಿಹಿ ಅಂದ್ರ ಹೋಳಗಿ, ಉಂಡಿ. ಇದು ನೀರಿನ ಜೋಡಿ ತಿನ್ನೂದಲ್ರಿ?” ಎಂದಳು ಗೌರವ್ವ.

ಡಾಕ್ಟರರು ನಗದೆ ಬಿಡಿಸಿ ಹೇಳಿದರು. ಜಠರ ಮೊದಲು ಊಟವನ್ನು ತಡೆದಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಬಿಡುತ್ತಿತ್ತು. ಈಗ ತಡೆಯುವ ಚೀಲವೇ ಚಿಕ್ಕದು. ಬೆಲ್ಲದ ನೀರು ಒಮ್ಮೆಲೇ ಕರುಳಿಗೆ ಇಳಿಯುತ್ತದೆ, ಕರುಳು ಮೈಯ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಆ ಬೆವರು, ಆ ಎದೆಬಡಿತ ಅದರಿಂದ. ಹೊಲಿಗೆ ಗಟ್ಟಿಯಾಗಿದೆ. ಬೆಲ್ಲವೂ ಸಿಹಿಯೇ, ಬಿಡಬೇಕು; ಸಲಕ್ಕೆ ಅರ್ಧ ರೊಟ್ಟಿಯಂತೆ ದಿನಕ್ಕೆ ಹಲವು ಸಲ ತಿನ್ನಬೇಕು, ಉಣ್ಣುವಾಗ ನೀರು ಕುಡಿಯಬಾರದು. ಕಣ್ಣ ರೆಪ್ಪೆ ಬಿಡಿಸಿ ನೋಡಿ, ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟರು.

“ಅಂದ್ರ ಇಷ್ಟ ದಿನ ನಾನ ಕುಡಿಸಿ…” ಅಣ್ಣಪ್ಪ ಬೆಲ್ಲದ ಗಂಟನ್ನು ಡಾಕ್ಟರರ ಮೇಜಿನ ಮೇಲೆ ಇಟ್ಟುಬಿಟ್ಟ.

“ಸುಮ್ನಿರ್ರಿ, ಸತ್ತಿಲ್ಲ ನಾನು,” ಎಂದಳು ಗೌರವ್ವ.

ಆಮೇಲೂ ಅವಳು ಉಂಡಾಗಲೆಲ್ಲ ಅಣ್ಣಪ್ಪ ಎದುರಿಗೆ ಕೂತು ಅವಳ ಹಣೆಯನ್ನೇ ನೋಡುತ್ತಿದ್ದ. ವರ್ಷ ಕಳೆದು ಮತ್ತೆ ಗೋಕಾಕಿಗೆ ಹೋದಾಗ, ಹಾಗೆ ಬೆವರಿ ಕಣ್ಣುಕತ್ತಲೆ ಬಂದದ್ದು ಎಷ್ಟು ಸಲ ಎಂದು ಡಾಕ್ಟರರು ಕೇಳಿದರು.

“ಒಮ್ಮಿನೂ ಇಲ್ರಿ,” ಅಣ್ಣಪ್ಪ ಎದೆಯುಬ್ಬಿಸಿ ಹೇಳಿದ. “ಬೆಲ್ಲಕ್ಕ ಕೀಲಿ ಹಾಕೀನಿ.”

ಗೌರವ್ವ ಗೋಡೆಯ ಕಡೆ ನೋಡಿದಳು.

“ಮಂದಿ ಮನಿಗೆ ಹೋದಾಗ ಒಲ್ಲೆ ಅನ್ನಾಕ ಬರೂದಿಲ್ರಿ. ನಾಕ ಸಲ.”