ಬಾಳವ್ವ ಅತ್ತಿವೇರಿಗೆ ಹೋದದ್ದು

ಬಾಳವ್ವನಿಗೆ ಗಾಡಿ ಆಗಿಬರುತ್ತಿರಲಿಲ್ಲ. ಬಸ್ಸಾಗಲಿ ಕಾರಾಗಲಿ, ಬಾಗಿಲು ಹಾಕಿಕೊಂಡು ನಾಲ್ಕು ಮಾರು ಉರುಳಿದರೆ ಸಾಕು, ಹೊಟ್ಟೆ ತೊಳಸಿ ಬಂದು ಸೆರಗು ಬಾಯಿಗೆ ಹೋಗುತ್ತಿತ್ತು. ನಿಂಬೆಹಣ್ಣು ಮೂಸಿದ್ದಾಯಿತು, ಡಾಕ್ಟರು ಕೊಟ್ಟ ಗುಳಿಗೆ ನುಂಗಿದ್ದಾಯಿತು, ಯಾರೋ ಹೇಳಿದರೆಂದು ಹೊಕ್ಕುಳಕ್ಕೆ ಎಣ್ಣೆ ಹಚ್ಚಿದ್ದೂ ಆಯಿತು. ಯಾವುದೂ ನಾಟಲಿಲ್ಲ. ಆಟೋದಲ್ಲಿ ಕೂತರೆ ಹೊಗೆಯ ವಾಸನೆಗೇ ತಲೆ ಗಿರ್ರೆನ್ನುತ್ತಿತ್ತು.

ಹುಬ್ಬಳ್ಳಿಯ ಬೈರಿದೇವರಕೊಪ್ಪದ ಅವರ ಮನೆಯಲ್ಲಿ ತಿರುಗಾಟದ ಹುಚ್ಚು ಮಿಕ್ಕ ಎಲ್ಲರಿಗೂ ಇತ್ತು. ಗಂಡ ನೀಲಕಂಠಪ್ಪ, ಮಗ ಗುರುಪಾದ ಇಬ್ಬರೂ ಅಮರಗೋಳದ ಮಾರ್ಕೆಟ್ಟಿನಲ್ಲಿ ಕಾಳಿನ ವ್ಯಾಪಾರದವರು. ವಾರವಿಡೀ ಧೂಳು ಕುಡಿದವರಿಗೆ ರವಿವಾರ ಬಂತೆಂದರೆ ಕಣ್ಣಿಗೆ ಹಸಿರು ಬೀಳಬೇಕು. ಮಳೆಗಾಲ ಮುಗಿಯುತ್ತಿದ್ದಂತೆ ಮಾಗೋಡ ಜಲಪಾತ, ಚಳಿಯಲ್ಲಿ ದಾಂಡೇಲಿಯ ಅಡವಿ, ಬೇಸಗೆಯಲ್ಲಿ ಕಾರವಾರದ ಸಮುದ್ರ. ಬಾಳವ್ವ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಟ್ಟು, ಕಾರು ಓಣಿಯ ತಿರುವು ದಾಟುವವರೆಗೆ ಗೇಟಿನಲ್ಲಿ ನಿಂತು ಒಳಗೆ ಬರುವಳು. ಸಂಜೆ ಅವರು ಮೊಬೈಲಿನಲ್ಲಿ ಫೋಟೋ ತೋರಿಸಿದರೆ, ಕನ್ನಡಕ ಹುಡುಕಿ ತಂದು ಒಂದೊಂದನ್ನೂ ನೋಡಿ, “ನೀರು ಭಾಳ ಐತಲ್ಲ” ಅನ್ನುವಳು.

“ನಮ್ಮಾಕಿಗೆ ಮನಿ ಬಿಟ್ಟು ಹೋಗೂದಂದ್ರ ಸೇರೂದಿಲ್ಲ” ಎಂದು ನೀಲಕಂಠಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಕೇಳಿ ಕೇಳಿ ಬಾಳವ್ವನೂ ಅದನ್ನೇ ಹೇಳತೊಡಗಿದ್ದಳು.

ಅವಳು ನವಲಗುಂದದ ಕಡೆಯವಳು. ಎರೆಮಣ್ಣಿನ ಸೀಮೆ, ಕಣ್ಣು ಹಾಯಿಸಿದಷ್ಟೂ ಆಕಾಶ. ಜೋಳ ಹಾಲ್ದೆನೆಗೆ ಬಂದಾಗ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸುವ ಕೆಲಸ ಅವಳದು. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ಅವಳ ಆಕಾಶ ಹಿತ್ತಲಿನ ಬಟ್ಟೆ ಒಣಹಾಕುವ ತಂತಿಯಷ್ಟಕ್ಕೆ ನಿಂತಿತ್ತು.

ಹೀಗಿರುವಾಗ ಹೋದ ಶ್ರಾವಣದಲ್ಲಿ ಅವಳಿಗೆ ಹಲ್ಲುನೋವು ಬಂತು. ಗಲ್ಲ ಬಾತು ಒಂದು ಕಣ್ಣು ಮುಚ್ಚಿಹೋಗಿತ್ತು. ಗಂಡಸರಿಬ್ಬರೂ ಕಾರು ತೆಗೆದುಕೊಂಡು ಗದಗಿಗೆ ಮದುವೆಗೆ ಹೋಗಿದ್ದರು. ಮನೆಯಲ್ಲಿದ್ದವಳು ಸೊಸೆ ಸೌಮ್ಯಾ ಒಬ್ಬಳೇ. ಅವಳು ಧಾರವಾಡದ ಕಾಲೇಜೊಂದರಲ್ಲಿ ಕಲಿಸುತ್ತಿದ್ದಳು, ದಿನಾ ಸ್ಕೂಟರಿನಲ್ಲಿ ಹೋಗಿಬರುವವಳು.

“ಅತ್ತಿ, ಸಪ್ತಾಪುರದಾಗ ನನಗ ಗೊತ್ತಿರೋ ಹಲ್ಲಿನ ಡಾಕ್ಟರ್ ಅದಾರ. ನನ್ನ ಗಾಡಿ ಮ್ಯಾಲೆ ಕೂಡ್ರಿ, ಹೋಗಿಬರೂಣು.”

“ಬ್ಯಾಡವಾ, ನಿನ್ನ ಸೀರಿ ಎಲ್ಲಾ ಹೊಲಸ ಮಾಡಿಬಿಡ್ತೇನಿ.”

“ಮಾಡ್ರಿ. ತೊಳದ್ರ ಹೋಗ್ತೈತಿ.”

ನೋವು ಅಷ್ಟಿಲ್ಲದಿದ್ದರೆ ಬಾಳವ್ವ ಒಪ್ಪುತ್ತಿರಲಿಲ್ಲ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು, ಇನ್ನೊಂದರಲ್ಲಿ ಸೊಸೆಯ ಸೊಂಟ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಕೂತಳು. ನವನಗರ ದಾಟಿತು. ಏನೂ ಆಗಲಿಲ್ಲ. ಒಂದು ಕಣ್ಣು ತೆರೆದಳು. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ರಸ್ತೆಬದಿಯ ಗಿಡಗಳು ಹಿಂದಕ್ಕೆ ಸರಿಯುತ್ತಿದ್ದವು, ಹೊಟ್ಟೆ ಮಾತ್ರ ತನ್ನ ಪಾಡಿಗೆ ತಾನಿತ್ತು.

ಹಲ್ಲು ಕೀಳಿಸಿಕೊಂಡು ಹತ್ತಿ ಕಚ್ಚಿ ಹೊರಬಂದವಳು, ಗಾಡಿ ಏರುವಾಗ ಸೊಸೆಗೆ ಕೈಸನ್ನೆ ಮಾಡಿ ಮನೆಯ ಹಾದಿ ಬೇಡ, ಆ ಕಡೆ ಎಂದು ತೋರಿಸಿದಳು. ಆ ಕಡೆ ಅಂದರೆ ಎಲ್ಲಿ ಎಂದು ಅವಳಿಗೂ ಗೊತ್ತಿರಲಿಲ್ಲ. ಸೌಮ್ಯಾ ಕೆಲಗೇರಿ ಕೆರೆಯ ಏರಿಗೆ ಕರೆದೊಯ್ದಳು. ಬಾತ ಗಲ್ಲಕ್ಕೆ ಸೆರಗು ಒತ್ತಿಕೊಂಡು ಬಾಳವ್ವ ನೀರು ನೋಡುತ್ತ ಕೂತವಳು, ಮಳೆಯ ಹನಿ ಬಿದ್ದರೂ ಏಳಲಿಲ್ಲ.

ಅಲ್ಲಿಂದ ಅತ್ತೆ ಸೊಸೆಯ ರವಿವಾರಗಳು ಶುರುವಾದವು. ಉಣಕಲ್ಲ ಕೆರೆ, ನುಗ್ಗಿಕೇರಿ, ಆಮೇಲೆ ಕಲಘಟಗಿಯ ಹಾದಿಯಲ್ಲಿ ಸಾಗವಾನಿ ಗಿಡಗಳು ಸಿಗುವವರೆಗೆ. ಭತ್ತದ ಗದ್ದೆ ಕಂಡರೆ ನಿಲ್ಲಬೇಕು, ಹಾದಿಬದಿ ಹೆಸರಿಲ್ಲದ ಹೂವು ಕಂಡರೆ ನಿಲ್ಲಬೇಕು. ಇನ್ನೊಂದು ವಿಚಿತ್ರವೂ ಆಯಿತು. ಮನೆಯಲ್ಲಿ ಎದುರುಬದುರು ಕೂತಾಗ ಬಾರದ ಮಾತು ಸೊಸೆಯ ಬೆನ್ನಿಗೆ ಕೂತಾಗ ತಾನಾಗಿ ಬರುತ್ತಿತ್ತು. ಮುಖ ನೋಡಬೇಕಾಗಿರಲಿಲ್ಲ, ಅದಕ್ಕೋ ಏನೋ. ಒಂದು ದಿನ ಬಾಳವ್ವ ಮದುವೆಯ ದಿಬ್ಬಣದ ಬಸ್ಸಿನ ಕಥೆ ಹೇಳಿದಳು.

“ಹೊಸ ಇಳಕಲ್ಲ ಸೀರಿ. ಅಣ್ಣಿಗೇರಿ ದಾಟೂದ್ರಾಗ ಎಲ್ಲಾ ಹೊಲಸಾತು. ನಿಮ್ಮ ಮಾವಾರು ಬಾಜೂಕ ಕೂತಿದ್ರು. ಒಂದ ಮಾತ ಆಡ್ಲಿಲ್ಲ, ಎದ್ದು ಮುಂದ ಹೋಗಿಬಿಟ್ರು. ಹುಬ್ಬಳ್ಳಿ ಬರೂತನಕ ತಿರುಗಿ ಬರ್ಲಿಲ್ಲ. ಅವತ್ತ ಅಂದ್ಕೊಂಡ್ನಿ, ಇನ್ನ ಇವರ ಜೋಡಿ ಗಾಡಿ ಹತ್ತೂದ ಬ್ಯಾಡ ಅಂತ.”

ಸೌಮ್ಯಾ ಗಾಡಿಯ ವೇಗ ತಗ್ಗಿಸಿದಳು. ಆಮೇಲೆ, “ಮಾವಾರಿಗೆ ಇದನ್ನ ಹೇಳೀರೇನು?” ಎಂದು ಕೇಳಿದಳು.

“ಹೇಳಿ ಏನ ಮಾಡೂದೈತಿ.”

ಮಳೆ ನಿಂತು ಬಿಸಿಲು ಹಿತವಾದಾಗ ಸೌಮ್ಯಾ ಅತ್ತಿವೇರಿಯ ಮಾತು ತೆಗೆದಳು. ತಡಸ ದಾಟಿ ಮುಂಡಗೋಡದ ಕಡೆ ಹೋದರೆ ಅಡವಿಯ ಅಂಚಿಗೆ ಒಂದು ಕೆರೆ, ಅದರ ನಡುಗಡ್ಡೆಯ ತುಂಬ ಹಕ್ಕಿಗಳು. ನೀಲಕಂಠಪ್ಪ ಒಪ್ಪಲಿಲ್ಲ. “ತಡಸದತನಕ ಬರೇ ಲಾರಿ. ಸ್ಕೂಟರ್ ಮ್ಯಾಲೆ ಹೋಗೂ ಹಾದಿ ಅಲ್ಲ ಅದು” ಅಂದ. ಬಾಳವ್ವ ಎಂದೂ ಎದುರಾಡಿದವಳಲ್ಲ. ಅವತ್ತು ರೊಟ್ಟಿ ತಟ್ಟುತ್ತ, ತಲೆ ಎತ್ತದೆ, “ನಾ ಹೋಗಾಕಿನ” ಅಂದಳು. ಅವನು, “ಹಂಗಿದ್ರ ನಾನೂ ಕಾರ್ ತಗೊಂಡು ಹಿಂದಿಂದ ಬರ್ತೇನಿ” ಎಂದು ಹೊರಗೆ ಹೋದ.

ಹಾಗೆ ಆ ರವಿವಾರ ಮುಂದೆ ಸ್ಕೂಟರು, ಹಿಂದೆ ಕಾರಿನಲ್ಲಿ ನೀಲಕಂಠಪ್ಪ ಒಬ್ಬನೇ. ಲಾರಿ ಬಂದಾಗಲೆಲ್ಲ ಅವನು ಕಾರನ್ನು ಬಲಕ್ಕೆ ತಂದು ಲಾರಿಗೂ ಅವರಿಗೂ ನಡುವೆ ಅಡ್ಡವಾಗಿ ಬರುತ್ತಿದ್ದ. ಬಾಳವ್ವ ಅದನ್ನು ಕಂಡಳು. ತಡಸ ದಾಟಿದ ಮೇಲೆ ಗಿಡಗಳು ರಸ್ತೆಯ ಮೇಲೆ ಬಾಗಿ ನೆರಳು ಮಾಡಿದವು. ಅವಳು ಕೈ ಬೀಸಿ ಬೀಸಿ ಮಾತಿಗಿಳಿದಳು.

ಕೆರೆಯ ದಂಡೆಗೆ ಬಂದಾಗ ಬಿಸಿಲು ಇನ್ನೂ ಎಳೆಯದಿತ್ತು. ನಡುಗಡ್ಡೆಯ ಗಿಡಗಳಲ್ಲಿ ಎಲೆಗಿಂತ ಹಕ್ಕಿಯೇ ಹೆಚ್ಚು. ಬೆಳ್ಳನೆಯವು, ಕರ್ರನೆಯವು, ಚಮಚದಂಥ ಕೊಕ್ಕಿನವು. ಮರಿಗಳ ಗದ್ದಲ ಈ ದಂಡೆಗೂ ಕೇಳುತ್ತಿತ್ತು. ಬಾಳವ್ವ ನೋಡುತ್ತ ನಿಂತಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಗಾಳಿಗೆ ಎಂದು ಒರೆಸಿಕೊಂಡಳು.

“ನಾ ಸಣ್ಣಾಕಿದ್ದಾಗ ಇವನ್ನೆಲ್ಲಾ ಹಾ ಹೂ ಅಂತ ಓಡಸ್ತಿದ್ನಿ” ಅಂದಳು. “ಕುಂದ್ರಾಕ ಬಿಡ್ತಿರ್ಲಿಲ್ಲ ಪಾಪ.”

ಸೌಮ್ಯಾ ಚಹಾ ಹುಡುಕುವ ನೆವ ಮಾಡಿಕೊಂಡು ಅತ್ತ ಹೋದಳು. ನೀಲಕಂಠಪ್ಪ ಬಂದು ಹೆಂಡತಿಯ ಪಕ್ಕದ ಕಲ್ಲಿನ ಮೇಲೆ ಕೂತ.

“ಹಾದಿ ತುಂಬ ಏನ ಮಾತಾಡಾಕತ್ತಿದ್ದಿ? ಹಿಂದಿಂದ ನೋಡಾಕತ್ತಿದ್ನಿ. ಮನ್ಯಾಗ ನೀ ಅಷ್ಟ ಮಾತಾಡಿದ್ದು ನಾ ನೋಡೇ ಇಲ್ಲ.”

ಬಾಳವ್ವ ನೀರಿನ ಕಡೆ ನೋಡುತ್ತಲೇ ಬಸ್ಸಿನ ಕಥೆ ಹೇಳಿದಳು. ನೀವು ಎದ್ದು ಹೋದಿರಿ ಎಂಬಲ್ಲಿಗೆ ಬಂದಾಗ ಅವನು ತಡೆದ.

“ನಾ ನೀರ ಕೇಳಾಕ ಹೋಗಿದ್ನಿ. ಡ್ರೈವರನ ಹತ್ರ ಒಂದ ತಂಬಿಗಿ ಇತ್ತು. ತುಂಬಿಸ್ಕೊಂಡು ಹೊಳ್ಳಿ ಬರೂದ್ರಾಗ ನನ್ನ ಜಾಗಾದಾಗ ನಿಮ್ಮವ್ವ ಕೂತಿದ್ಲು. ಹೆಣ್ಮಕ್ಕಳ ನಡುವ ಹೆಂಗ ಬರ್ಲಿ? ಹುಬ್ಬಳ್ಳಿತನಕ ತಂಬಿಗಿ ಹಿಡಕೊಂಡು ನಿಂತ ಬಂದ್ನಿ.”

“ಖರೇನ?”

“ಆ ನೀರ ಕಡೀಕ ನಾನ ಕುಡದ್ನಿ.”

ಬಾಳವ್ವನಿಗೆ ನಗು ಬಂತು. ಇಷ್ಟು ವರ್ಷ ಅವನು ಹೇಸಿ ಎದ್ದು ಹೋದನೆಂದು ತಿಳಿದಿದ್ದಳು. “ಹೇಳಬಾರದಾಗಿತ್ತೇನ್ರಿ?” ಅಂದಳು.

“ನೀನೂ ಕೇಳಬಾರದಾಗಿತ್ತೇನು?” ಎಂದು ಅವನು ನೆಲ ನೋಡಿದ.

ಹೊರಡುವ ಹೊತ್ತಿಗೆ ನೀಲಕಂಠಪ್ಪ ಕಾರಿನ ಕೀಲಿಯನ್ನು ಸೊಸೆಯ ಕೈಯಲ್ಲಿಟ್ಟ. “ಸೌಮ್ಯವ್ವ, ನೀ ಕಾರ್ ತಗೊಂಡ ಬಾ. ನಿನ್ನ ಗಾಡಿ ನನಗ ಕೊಡು.”

“ನಿಮಗ ರೂಢಿ ಐತೇನ್ರಿ, ಮಾವಾರ?”

“ದಿನಾ ಮಾರ್ಕೆಟ್ಟಿಗೆ ಏನ ಕಾರ್‌ನ್ಯಾಗ ಹೋಗ್ತೇನೇನು ನಾ?”

ಸೌಮ್ಯಾಳ ಹೆಲ್ಮೆಟ್ಟು ಅವನ ತಲೆಗೆ ಬಿಗಿಯಾಯಿತು, ಕಿವಿ ಎರಡೂ ಮುಚ್ಚಿಹೋದವು. ಬಾಳವ್ವ ಸೀರೆ ಸರಿಮಾಡಿಕೊಂಡು ಹಿಂದೆ ಕೂತಳು. ಮೊದಲು ಸೀಟಿನ ಹಿಡಿಕೆ ಹಿಡಿದಿದ್ದಳು. ಒಂದು ತಗ್ಗು ಬಂದಾಗ ಕೈ ಅವನ ಭುಜಕ್ಕೆ ಹೋಯಿತು, ಅಲ್ಲೇ ಉಳಿಯಿತು. ಗದ್ದೆಗಳ ಮೇಲೆ ಬಿಸಿಲು ಬಂಗಾರದಂತೆ ಬಿದ್ದಿತ್ತು.

“ಇನ್ನೂ ಸ್ವಲ್ಪ ಸಾವಕಾಶ ಹೋಗ್ರಿ” ಎಂದು ಅವಳು ಅವನ ಕಿವಿಯ ಹತ್ತಿರ ಬಾಗಿದಳು.

“ಏನಂದಿ?”

“ಸಾವಕಾಶ ಅಂದ್ನಿ.”

“ಕೇಳಂಗಿಲ್ಲ. ಜೋರಾಗಿ ಹೇಳು.”

ಬಾಳವ್ವ ಜೋರಾಗಿ ಹೇಳಿದಳು. ಗದ್ದೆಯಲ್ಲಿ ಬಗ್ಗಿ ಕೊಯ್ಯುತ್ತಿದ್ದ ಹೆಂಗಸರು ತಲೆ ಎತ್ತಿ ನೋಡಿದರು.