ಹುಳುಮನೆ ಮರದಲ್ಲಿ ಮಾಡಿದ ಪೆಟ್ಟಿಗೆ

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಗಂಡನಿಗೆ ದೆಹಲಿಗೆ ವರ್ಗವಾಯಿತು. ಅವರು ಮೊದಲು ಹೋಗಿ ಮನೆ ಹುಡುಕಿದರು. ಜಂಗಮಕೋಟೆಯಿಂದ ಹೊರಡುವಾಗ ನಾನು ಒಂದೇ ಹಟ ಹಿಡಿದೆ: ನಾಯಿ ಬಂದರೆ ನಾನು ಬರುತ್ತೇನೆ, ಇಲ್ಲದಿದ್ದರೆ ಇಲ್ಲ. ಅದು ಕರುವಿನಷ್ಟು ಎತ್ತರದ ಅಲ್ಸೇಷಿಯನ್. ರೈಲಿನಲ್ಲಿ ಎರಡು ದಿನ ಅದನ್ನು ಸುಧಾರಿಸುವುದು ನನ್ನ ಕೈಲಾಗದೆಂದು ಗಂಡ ವಿಮಾನದ ಟಿಕೆಟ್ ಮಾಡಿಸಿದರು. ನನಗೂ ಅದೇ ಮೊದಲ ವಿಮಾನ. ನಾನು ಮೇಲೆ ಸೀಟಿನಲ್ಲಿ, ನಾಯಿ ಕೆಳಗೆ ಸಾಮಾನಿನ ಜೊತೆ ಪೆಟ್ಟಿಗೆಯಲ್ಲಿ.

ಹಟಕ್ಕೆ ಕಾರಣವಿತ್ತು. ನಮ್ಮದು ರೇಷ್ಮೆಹುಳು ಸಾಕುವ ಮನೆ. ಮದುವೆಯಾಗಿ ಬಂದ ಹೊಸತರಲ್ಲಿ ಆ ತುಂಬಿದ ಮನೆಯಲ್ಲಿ ನನ್ನೊಡನೆ ಮಾತಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಬೆಳಗಾದರೆ ಎಲ್ಲರಿಗೂ ಹುಳುವಿನ ಹಿಪ್ಪುನೇರಳೆ ಸೊಪ್ಪಿನದೇ ಚಿಂತೆ. ಆಗ ಮರಿಯಾಗಿ ಬಂದ ಈ ನಾಯಿಗೆ ನಾನು ಎಲ್ಲವನ್ನೂ ಹೇಳಿಕೊಂಡೆ. ಹೇಳಿಕೊಂಡದ್ದರಲ್ಲಿ ಅತ್ತೆಯ ಮೇಲಿನ ದೂರುಗಳೇ ಹೆಚ್ಚು.

ಅತ್ತೆಗೆ ನಾಯಿ ಕಂಡರಾಗದು ಎಂದೇ ನಾನು ತಿಳಿದಿದ್ದೆ. ನಮ್ಮೊಡನೆ ಕನ್ನಡ ಆಡುವವರು ನಾಯಿಯೊಡನೆ ಮಾತ್ರ ತೆಲುಗು. ಹುಳುಮನೆಯ ಹೊಸಿಲಲ್ಲಿ ಅದು ಮೂಗು ತೂರಿಸಿದರೆ ಸಾಕು, "ಏಯ್, ಲೋಪಲಿಕಿ ರಾವದ್ದು!" ಒಳಗೆ ಬರಬೇಡ ಎಂದು ಗದರುವರು. ಕೈಕಾಲು ತೊಳೆಯದ ಮನುಷ್ಯರನ್ನೇ ಒಳಗೆ ಬಿಡದ ಜಾಗ ಅದು. ಹುಳುವಿಗೆ ರೋಗ ತಗುಲಿದರೆ ಇಡೀ ಬೆಳೆ ಮಣ್ಣುಪಾಲು. ನಾಯಿ ಬೇಗ ಕಲಿಯಿತು. ಅತ್ತೆ ಹೊರಗೆ ಬರುವವರೆಗೂ ಹೊಸಿಲ ಆಚೆ ಮುಂಗಾಲು ಜೋಡಿಸಿ ಕೂತಿರುತ್ತಿತ್ತು. ನನ್ನ ನಾಯಿಯನ್ನು ಹೀಗೆ ಹೆದರಿಸಿಟ್ಟಿದ್ದಾರಲ್ಲ ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ.

ನಾಯಿ ನಿಂತು ತಿರುಗುವಷ್ಟು ದೊಡ್ಡ ಮರದ ಪೆಟ್ಟಿಗೆ ಬೇಕೆಂದು ವಿಮಾನದವರು ಹೇಳಿದ್ದರು. ಹೊಸ ಮರ ಯಾಕೆ ದಂಡ ಎಂದು ನನ್ನ ಮೈದುನ ಹುಳುಮನೆಯಲ್ಲಿ ಹುಳುವಿನ ತಟ್ಟೆ ಜೋಡಿಸುವ ಹಳೇ ಸ್ಟ್ಯಾಂಡುಗಳನ್ನು ಬಿಚ್ಚಿ ಬಡಗಿಗೆ ಕೊಟ್ಟ. ಬಡಗಿ ಇವತ್ತು ನಾಳೆ ಎಂದು ಸತಾಯಿಸಿ, ಹೊರಡುವ ದಿನ ಬೆಳಿಗ್ಗೆ ಕೊನೆಯ ಮೊಳೆ ಹೊಡೆದ. ಪೆಟ್ಟಿಗೆ, ನಾಯಿ, ನಾನು, ಮೈದುನ ಟೆಂಪೋ ಹತ್ತಿದೆವು. ವಿಮಾನವನ್ನು ಹತ್ತಿರದಿಂದ ನೋಡಬೇಕು ಎಂದು ಅತ್ತೆಯೂ ಹತ್ತಿದರು.

ಬೆಂಗಳೂರಿನಲ್ಲಿ ಸಾಮಾನು ತೂಗುವ ಕಡೆ ಪೆಟ್ಟಿಗೆ ಇಳಿಸಿ ಬಾಗಿಲು ತೆರೆದೆವು. ನಾಯಿ ಬಗ್ಗಿ ಮೂಸಿ ನೋಡಿತು. ಎರಡು ಹೆಜ್ಜೆ ಹಿಂದೆ ಸರಿದು ಕೂತುಬಿಟ್ಟಿತು. ಬೇಯಿಸಿದ ಮೊಟ್ಟೆ ಒಳಗಿಟ್ಟೆವು, ಮುಖ ತಿರುಗಿಸಿತು. ಮೈದುನ ಹಿಂದಿನಿಂದ ನೂಕಿದ, ನಾನು ಕೊರಳಪಟ್ಟಿ ಹಿಡಿದು ಎಳೆದೆ. ನಾಲ್ಕೂ ಕಾಲು ಊರಿ ನಿಂತಿತೇ ಹೊರತು ಅಲುಗಲಿಲ್ಲ.

"ಇನ್ನು ಹದಿನೈದು ನಿಮಿಷ ಮೇಡಂ. ಆಮೇಲೆ ನಾಯಿ ಬಿಟ್ಟು ನೀವೊಬ್ರೇ ಹೋಗ್ಬೇಕಾಗ್ತದೆ" ಎಂದರು ಅಲ್ಲಿದ್ದ ಅಧಿಕಾರಿ.

"ಇರ್ಲಿ ಬಿಡಿ ಅತ್ತಿಗೆ, ನಾವೇ ನೋಡ್ಕೋತೀವಿ" ಎಂದ ಮೈದುನ. ನನಗೆ ಅಳು ಬಂತು. ಎಲ್ಲರೆದುರು ನಾಯಿಗೆ ಒಂದು ಏಟು ಕೊಟ್ಟೆ. ಅದಕ್ಕೆ ನಾನು ಹೊಡೆದದ್ದು ಅದೇ ಮೊದಲು. ಅದು ಕಿವಿ ಮಡಚಿ ನನ್ನನ್ನೇ ನೋಡಿತು.

"ಹೊಡೀಬೇಡ ಕಣಮ್ಮ" ಎಂದು ಅತ್ತೆ ನನ್ನ ಕೈ ಹಿಡಿದರು. "ಹುಳುಮನೆ ವಾಸ್ನೆ ಹೊಡೀತಿದೆ ಈ ಪೆಟ್ಟಿಗೆ. ಹೆಂಗೆ ಹೋಗ್ತದೆ ಪಾಪ? ನಾನೇ ಬೇಡ ಅಂದಿದೀನಲ್ಲ."

ಆಗ ನನಗೂ ಮೂಗಿಗೆ ಬಡಿಯಿತು. ರೋಗ ಬಾರದಿರಲೆಂದು ಬೆಳೆ ಬೆಳೆಗೂ ಹೊಡೆಯುವ ಫಾರ್ಮಲಿನ್ ಕುಡಿದ ಮರ. ಅಷ್ಟು ದಿನ ಅದರ ನಡುವೆಯೇ ಬದುಕಿದ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಅತ್ತೆ ಸೆರಗು ಸಿಕ್ಕಿಸಿ ನೆಲಕ್ಕೆ ಕೂತರು. ಅಷ್ಟು ಜನರ ಮುಂದೆ ಪೆಟ್ಟಿಗೆಯೊಳಗೆ ಅರ್ಧ ಮೈ ತೂರಿಸಿ, ಹಾಸಿದ್ದ ಗೋಣಿಚೀಲವನ್ನು ತಟ್ಟಿ ಸರಿಮಾಡಿದರು. ಹೊರಗೆ ಬಂದು ನಾಯಿಯ ಗದ್ದ ಹಿಡಿದು, "ಪೋ ನಾಯನಾ, ಲೋಪಲಿಕಿ ಪೋ" ಎಂದರು. ಹೋಗಪ್ಪ, ಒಳಗೆ ಹೋಗು. ಅವರ ಗಂಟಲಲ್ಲಿ ಆ ದನಿಯನ್ನು ನಾನು ಆವರೆಗೆ ಕೇಳಿರಲಿಲ್ಲ. ನಾಯಿ ಅವರ ಮುಖ ನೋಡಿತು. ಅನುಮಾನದಿಂದಲೇ ಒಂದೊಂದು ಕಾಲು ಇಟ್ಟು ಒಳಗೆ ಹೋಗಿ, ಮುಂಗಾಲು ಜೋಡಿಸಿ ಮಲಗಿತು. ಮೈದುನ ಚಿಲಕ ಹಾಕಿದ.

ಅತ್ತೆ ವಿಮಾನ ನೋಡಲು ನಿಲ್ಲಲಿಲ್ಲ. "ಅಲ್ಲಿ ಚಳಿ ಜಾಸ್ತಿಯಂತೆ, ಹೊರಗೆ ಕಟ್ಟಬೇಡ" ಎಂದಷ್ಟೇ ಹೇಳಿ ಟೆಂಪೋ ಕಡೆ ನಡೆದರು. ಮೈದುನ ಕೂಗಿದರೂ ತಿರುಗಲಿಲ್ಲ.

ವಿಮಾನದಲ್ಲಿ ಕೊಟ್ಟ ಊಟ ನನಗೆ ಸೇರಲಿಲ್ಲ. ಕಿಟಕಿಯಾಚೆಯ ಮೋಡ ನೋಡುವ ಮನಸ್ಸೂ ಇರಲಿಲ್ಲ. ನಾಯಿ ನನ್ನದು, ನನ್ನದು ಎಂದು ಇಷ್ಟು ವರ್ಷ ಅತ್ತೆಯೊಡನೆ ಗುದ್ದಾಡಿದ್ದೆ. ಒಮ್ಮೆಯಾದರೂ ಅವರು ಎದುರು ಹೇಳಿರಲಿಲ್ಲ.

ದೆಹಲಿಯಲ್ಲಿ ಗಂಡ ಕಾಯುತ್ತಿದ್ದರು. ಚಿಲಕ ತೆಗೆದೆವು. ನಾಯಿ ಒಂದೇ ನೆಗೆತಕ್ಕೆ ಹೊರಗೆ ಬಂತು. ಬಾಲ ಆಡಿಸುತ್ತಾ ಗಂಡನನ್ನು ಮೂಸಿತು, ನನ್ನನ್ನು ಮೂಸಿತು. ಆಮೇಲೆ ನಮ್ಮಿಬ್ಬರನ್ನೂ ದಾಟಿ ಹೋಗಿ ಪೆಟ್ಟಿಗೆಯ ಹಿಂದೆ ನೋಡಿತು. ಪೆಟ್ಟಿಗೆಯ ಸುತ್ತ ಬಂದು ಮತ್ತೆ ನೋಡಿತು. ಬಾಲ ನಿಂತಿತು.

"ಯಾರನ್ನ ಹುಡುಕ್ತಿದೆ ಇದು?" ಎಂದರು ಗಂಡ.

ಮನೆ ಸೇರಿದ ಮೇಲೆ ಟ್ರಂಕು ಬಿಚ್ಚುವುದಕ್ಕೂ ಮೊದಲು ಊರಿಗೆ ಕಾಗದ ಬರೆಯಲು ಕೂತೆ. ಅಲ್ಲಿಯವರೆಗೆ ಗಂಡನ ಕಾಗದದ ಕೊನೆಯಲ್ಲಿ ನಮಸ್ಕಾರ ಸೇರಿಸಿ ಮುಗಿಸುತ್ತಿದ್ದವಳು ನಾನು. ಅತ್ತೆಗೆಂದೇ ಬರೆದ ಮೊದಲ ಕಾಗದ ಅದು. "ಅತ್ತೆ, ನಿಮ್ಮ ನಾಯಿ ಕ್ಷೇಮವಾಗಿ ಬಂದು ಸೇರಿತು" ಎಂದು ಶುರುಮಾಡಿದೆ.